ಎಂಟನೇ ಕ್ಲಾಸಿನ ಮಗ, ತಾನು ಬರೆದದ್ದು ಅವನಿಗೇ ಓದಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿಗೆ ಮೊದಲು ಏನು ಮಾಡಬಹುದು?

ದಾವಣಗೆರೆ ಅಮ್ಮ

ಮಗನಿಗೆ ಹದಿಮೂರು ತುಂಬಿದೆ. ಕನ್ನಡ ಮಾಧ್ಯಮ. ಬಾಯಲ್ಲಿ ಕೇಳಿದರೆ ಪಾಠವನ್ನೆಲ್ಲ ಪಟಪಟ ಹೇಳುತ್ತಾನೆ. ಪೆನ್ನು ಹಿಡಿಸಿದರೆ ಕಥೆ ಬೇರೆ. ಕಾಗೆ ಕಾಲು, ಗುಬ್ಬಿ ಕಾಲು. ಎರಡು ದಿನ ಬಿಟ್ಟು ತೋರಿಸಿದರೆ ಅದು ಏನೆಂದು ಅವನಿಗೇ ಗೊತ್ತಾಗುವುದಿಲ್ಲ.

ಈ ಸಲದ ಎಫ್‌ಎ, ಅಂದರೆ ಶಾಲೆಯ ಕಿರು ಪರೀಕ್ಷೆಯಲ್ಲಿ ಸಿಂಧೂ ನಾಗರಿಕತೆಯ ನಗರ ಯೋಜನೆ ಬಗ್ಗೆ ಪ್ರಶ್ನೆ ಇತ್ತು. ಹಿಂದಿನ ರಾತ್ರಿ ಒಳಚರಂಡಿ, ಈಜುಕೊಳ, ಕಣಜ, ನೇರ ರಸ್ತೆ ಎಲ್ಲವನ್ನೂ ಅಡುಗೆಮನೆಯಲ್ಲಿ ನಿಂತು ನನಗೆ ವಿವರಿಸಿದ್ದ. ಪತ್ರಿಕೆಯಲ್ಲಿ ಇದ್ದದ್ದು ಒಂದೂವರೆ ಸಾಲು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಅಂದವಾಗಿ ಬರೆ" ಎಂದು ಷರಾ.

ಬೇಸಿಗೆ ರಜೆ ಪೂರ್ತಿ ಕಾಪಿ ಬರೆಸಿದೆವು. ಕಾಪಿ ಪುಸ್ತಕದಲ್ಲಿ ಅಕ್ಷರ ಪರವಾಗಿಲ್ಲ, ನಿಧಾನಕ್ಕೆ ಬರೆದರೆ ಚೆನ್ನಾಗಿಯೇ ಬರುತ್ತದೆ. ಶಾಲೆ ಶುರುವಾಗಿ ಬೋರ್ಡ್ ನೋಡಿ ನೋಟ್ಸ್ ಬರೆಯಲು ಕೂತರೆ ಮತ್ತೆ ಅದೇ ರಾಗ, ಅದೇ ಹಾಡು. ಅರ್ಧ ಪುಟಕ್ಕೆ ಕೈ ನೋವು ಎಂದು ಮಣಿಕಟ್ಟು ಒದರುತ್ತಾನೆ. ನೋಟ್ಸ್ ಮುಗಿದಿಲ್ಲ ಎಂದು ಆಟದ ಪಿರಿಯಡ್‌ನಲ್ಲಿ ಒಳಗೆ ಕೂರಿಸುತ್ತಾರೆ. ಈಗ ಶಾಲೆಗೆ ಹೋಗುವುದೇ ಬೇಡ ಅನ್ನುತ್ತಿದ್ದಾನೆ.

ಇಷ್ಟು ದೊಡ್ಡವನಾದ ಮೇಲೆ ಅಕ್ಷರ ತಿದ್ದಲು ಆಗುತ್ತದಾ? ಪರೀಕ್ಷೆಗೆ ಬೇರೆಯವರು ಬರೆದುಕೊಡುವ ವ್ಯವಸ್ಥೆ ಇದೆಯಂತೆ, ಅದು ಇಂಥ ಮಕ್ಕಳಿಗೂ ಸಿಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಸವನಗುಡಿ ತಾತ

ಇಂಕ್ ಪೆನ್ನು ಕೊಡಿ, ದಿನಕ್ಕೆ ಎರಡು ಪುಟ ಕಾಪಿ ಬರೆಸಿ, ಮೊಬೈಲ್ ಕಿತ್ತಿಡಿ. ಬಾಲ್ ಪೆನ್ನು ಬಂದ ಮೇಲೆಯೇ ಅಕ್ಷರ ಕೆಟ್ಟಿದ್ದು. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಡಾಕ್ಟರ್ ಹತ್ತಿರ ಹೋಗುತ್ತಿರಲಿಲ್ಲ.

ಥೆರಪಿ ಮೇಡಂ, ಮೈಸೂರು

ತಾತ, ಕಾಪಿ ಪುಸ್ತಕದಲ್ಲಿ ಹುಡುಗ ಚೆನ್ನಾಗಿಯೇ ಬರೆಯುತ್ತಿದ್ದಾನೆ ಎಂದು ಅವರೇ ಹೇಳಿದ್ದಾರಲ್ಲ. ಅಸಲಿ ಸುಳಿವು ಅಲ್ಲೇ ಇದೆ. ಅಕ್ಷರದ ಆಕಾರ ಅವನಿಗೆ ಗೊತ್ತು. ಯೋಚನೆ, ವಾಕ್ಯ, ಕಾಗುಣಿತ, ವೇಗ ಎಲ್ಲ ಒಟ್ಟಿಗೆ ಬಂದಾಗ ಕೈ ಸೋಲುತ್ತದೆ. ಬೇರೆ ಮಕ್ಕಳಿಗೆ ಆ ವಯಸ್ಸಿಗೆ ಅಕ್ಷರ ತಾನಾಗಿಯೇ ಬರುತ್ತದೆ, ಗಮನವೆಲ್ಲ ಉತ್ತರದ ಮೇಲಿರುತ್ತದೆ. ಇವನಿಗೆ ಪ್ರತಿ ಅಕ್ಷರಕ್ಕೂ ಗಮನ ಬೇಕು. ಹಾಗಾಗಿ ಐದು ಪಾಯಿಂಟ್ ಗೊತ್ತಿದ್ದರೂ ಒಂದೂವರೆ ಸಾಲು ಬರುತ್ತದೆ. ಇದಕ್ಕೆ ಡಿಸ್‌ಗ್ರಾಫಿಯಾ (ಬರವಣಿಗೆಗೆ ಸಂಬಂಧಿಸಿದ ಕಲಿಕಾ ತೊಂದರೆ) ಕಾರಣ ಇರಬಹುದು, ಕೈಕಾಲುಗಳ ಹೊಂದಾಣಿಕೆಯ ತೊಂದರೆ ಇರಬಹುದು, ಬೆರಳ ಕೀಲುಗಳು ತೀರಾ ಸಡಿಲ ಇರಬಹುದು. ನೋಡದೆ ಹೇಳಲು ಬರುವುದಿಲ್ಲ. ಮೊದಲು ಕಣ್ಣು ತೋರಿಸಿ. ಬೋರ್ಡ್ ನೋಡಿ ಬರೆಯುವಾಗ ಮಾತ್ರ ಜಾಸ್ತಿ ಕೆಡುತ್ತಿದ್ದರೆ ಕನ್ನಡಕ ಬೇಕಾಗಿರುವ ಮಕ್ಕಳೂ ಇರುತ್ತಾರೆ.

ಮನೆಯಲ್ಲಿ ನೀವೇ ನೋಡಬಹುದಾದ ಕೆಲವು ಇವೆ. ಅವನು ಬರೆದ ಪುಟವನ್ನು ತಿರುಗಿಸಿ ಹಿಂಭಾಗದಲ್ಲಿ ಬೆರಳಾಡಿಸಿ. ಉಬ್ಬುಬ್ಬಾಗಿ ಕೈಗೆ ಸಿಕ್ಕಿದರೆ ಒತ್ತಿ ಬರೆಯುತ್ತಿದ್ದಾನೆ, ಕೈನೋವಿಗೆ ಅದೇ ಕಾರಣ ಇರಬಹುದು. ಸಲೀಸಾಗಿ ಹರಿಯುವ ಜೆಲ್ ಪೆನ್ನು ಕೊಟ್ಟು ನೋಡಿ. ಇಂಕ್ ಪೆನ್ನು ಕೆಲವರಿಗೆ ಆಗುತ್ತದೆ, ಆ ಮಟ್ಟಿಗೆ ತಾತನ ಮಾತು ಸರಿ. ಕೂತಾಗ ಪಾದ ನೆಲಕ್ಕೆ ಊರುತ್ತದಾ, ಮೊಣಕೈ ಮೇಜಿನ ಮೇಲೆ ಇರುತ್ತದಾ ನೋಡಿ. ಬಲಗೈಯವನಾದರೆ ಹಾಳೆ ಸ್ವಲ್ಪ ಎಡಕ್ಕೆ ವಾಲಿರಲಿ.

ಪೆನ್ನು ಹಿಡಿಯುವ ರೀತಿಯನ್ನು ಮಾತ್ರ ಈ ವಯಸ್ಸಿನಲ್ಲಿ ಬದಲಿಸಲು ಹೋಗಬೇಡಿ, ನೋವು ಕೊಡದಿದ್ದರೆ. ಮೂರು ಬೆರಳ ಹಿಡಿತವೇ ಸರಿ ಎಂದು ಶಾಲೆಗಳಲ್ಲಿ ಹೇಳುತ್ತಾರೆ. ನಾಲ್ಕು ಬೆರಳಲ್ಲಿ ಹಿಡಿದು ಅಷ್ಟೇ ವೇಗವಾಗಿ, ಅಷ್ಟೇ ಸ್ಪಷ್ಟವಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಅವನ ನೋಟ್‌ಬುಕ್ಕಿನ ಒಂದು ಪುಟ ತೆಗೆದುಕೊಂಡು, ಅವನ ಜೊತೆಯಲ್ಲೇ ಕೂತು, ಓದಲು ಆಗದ ಅಕ್ಷರಗಳಿಗೆ ಮಾತ್ರ ಸುತ್ತು ಹಾಕಿ. ಪುಟ ಪೂರ್ತಿ ಕೆಟ್ಟ ಹಾಗೆ ಕಂಡರೂ ತೊಂದರೆ ಕೊಡುವ ಅಕ್ಷರಗಳು ಕೆಲವೇ. ಹೆಚ್ಚಿನ ಮಕ್ಕಳಲ್ಲಿ ಮ ಮತ್ತು ವ ಒಂದೇ ಥರ ಆಗಿರುತ್ತವೆ. ಪ ಮತ್ತು ಷ ಬೇರೆ ಮಾಡಲು ಬರುವುದಿಲ್ಲ. ಥ, ಧ ಕಲಸಿಹೋಗಿರುತ್ತವೆ. ತಲಕಟ್ಟು ಅಕ್ಷರಕ್ಕೆ ಅಂಟಿರುವುದಿಲ್ಲ. ದೀರ್ಘ ಎಲ್ಲೋ ತೇಲುತ್ತಿರುತ್ತದೆ. ಆ ಕೆಲವನ್ನು ಮಾತ್ರ ತಿದ್ದಿ, ಅದೂ ಬಿಡಿ ಅಕ್ಷರವಾಗಿ ಅಲ್ಲ, ಅವನದೇ ಪಾಠದ ಪದಗಳಲ್ಲಿ.

ಒತ್ತಕ್ಷರದ ವಿಷಯ ಬೇರೆಯೇ. ಇದನ್ನು ಇಂಗ್ಲಿಷಿನ ವಿಡಿಯೋಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. "ಸ್ವಾತಂತ್ರ್ಯ" ಎಂದು ಸಿಂಗಲ್ ರೂಲ್ ಹಾಳೆಯಲ್ಲಿ ಬರೆಸಿ ನೋಡಿ. ತ ಕೆಳಗೆ ರ ಒತ್ತು, ಅದರ ಜೊತೆ ಯ ಒತ್ತು. ಅವು ಕೆಳಗಿನ ಸಾಲಿಗೆ ಇಳಿದು, ಅಲ್ಲಿರುವ ಗುಡಿಸಿಗೆ ಡಿಕ್ಕಿ ಹೊಡೆಯುತ್ತವೆ. "ರಾಷ್ಟ್ರ" ಬರೆದರೂ ಅದೇ. ಅಕ್ಷರ ಕೆಟ್ಟಿಲ್ಲ, ಜಾಗ ಸಾಲುತ್ತಿಲ್ಲ ಅಷ್ಟೇ. ಸಾಲು ಬಿಟ್ಟು ಸಾಲು ಬರೆಯಲು ಹೇಳಿ. ನೋಟ್‌ಬುಕ್ ಬೇಗ ಮುಗಿಯುತ್ತದೆ, ಮುಗಿಯಲಿ. ಇಷ್ಟರಿಂದಲೇ ಪುಟ ಅರ್ಧದಷ್ಟು ತಿಳಿಯಾದ ಮಕ್ಕಳನ್ನು ನೋಡಿದ್ದೇನೆ.

ಥೆರಪಿಗೆ ಹೋಗುವುದಾದರೆ ಒಂದು ಕಿವಿಮಾತು. ಜೇಡಿಮಣ್ಣು ಹಿಸುಕುವುದು, ಮಣಿ ಪೋಣಿಸುವುದು ಮಾತ್ರ ಮಾಡಿಸುತ್ತಿದ್ದರೆ ದುಡ್ಡು ದಂಡ. ಬರವಣಿಗೆಯನ್ನೇ ಅಭ್ಯಾಸ ಮಾಡಿಸದ ಥೆರಪಿಯಿಂದ ಬರವಣಿಗೆ ಸುಧಾರಿಸುವುದಿಲ್ಲ, 20 ಸೆಷನ್‌ಗಿಂತ ಕಡಿಮೆಯಾದರೂ ಪ್ರಯೋಜನ ಕಾಣುವುದಿಲ್ಲ ಎಂದು ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದವರು 2011ರಲ್ಲೇ ಹೇಳಿದ್ದಾರೆ.

ಗಣಿತದ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ಕಲಿಸುತ್ತೇನೆ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೂ ಹೋಗುತ್ತೇನೆ. ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಮೌಲ್ಯಮಾಪಕರಿಗೆ ಅಂದ ಬೇಕಾಗಿಲ್ಲ. ಅಂಕ ಹಂಚುವ ಸ್ಕೀಮ್‌ನಲ್ಲಿರುವ ಪಾಯಿಂಟ್ ಕಣ್ಣಿಗೆ ಬೀಳಬೇಕು. ಪ್ರಶ್ನೆ ಸಂಖ್ಯೆ ಮಾರ್ಜಿನ್‌ನಲ್ಲಿ ದೊಡ್ಡದಾಗಿ ಇರಲಿ. ಪ್ಯಾರಾ ಬೇಡ, ಪಾಯಿಂಟ್ ಹಾಕಿ ಬರೆಯಲಿ, ನಡುವೆ ಒಂದು ಸಾಲು ಖಾಲಿ ಬಿಡಲಿ. ಮುಖ್ಯ ಪದದ ಕೆಳಗೆ ಗೆರೆ ಎಳೆಯಲಿ. ಇಷ್ಟು ಮಾಡಿದ ಕೆಟ್ಟ ಅಕ್ಷರದ ಪತ್ರಿಕೆಯನ್ನು ಓದುವುದು, ಒತ್ತೊತ್ತಾಗಿ ಬರೆದ ಚೆಂದದ ಪತ್ರಿಕೆಗಿಂತ ಸುಲಭ.

ಗಣಿತಕ್ಕೆ ಚೌಕಳಿ ಪುಸ್ತಕ ಕೊಡಿಸಿ. ಒಂದು ಮನೆಗೆ ಒಂದು ಅಂಕಿ. ಭಾಗಾಕಾರದಲ್ಲಿ ತಪ್ಪುವ ಎಷ್ಟೋ ಮಕ್ಕಳಿಗೆ ಭಾಗಾಕಾರ ಬರುತ್ತಿರುತ್ತದೆ. ಬಿಡಿ ಸ್ಥಾನದ ಅಂಕಿ ಹತ್ತರ ಸ್ಥಾನಕ್ಕೆ ಜಾರಿ ಹೋಗಿರುತ್ತದೆ. ಪರೀಕ್ಷೆಯಲ್ಲಿ ಚೌಕಳಿ ಹಾಳೆ ಸಿಗುವುದಿಲ್ಲ ಅನ್ನುವವರಿಗೆ: ಮನೆಯಲ್ಲಿ ರೂಢಿಯಾದ ಅಳತೆ ಕೈಗೆ ಹತ್ತುತ್ತದೆ, ರೂಲ್ ಹಾಳೆಯನ್ನು ಅಡ್ಡ ತಿರುಗಿಸಿಕೊಂಡರೆ ಗೆರೆಗಳೇ ಕಂಬಸಾಲು ಆಗುತ್ತವೆ. ರಫ್ ವರ್ಕ್‌ಗೆ ಅಷ್ಟು ಸಾಕು.

ಆಟದ ಪಿರಿಯಡ್ ಕಿತ್ತುಕೊಳ್ಳುವುದನ್ನು ಮೊದಲು ನಿಲ್ಲಿಸಲು ಹೇಳಿ. ಸಹ ಶಿಕ್ಷಕನಾಗಿ ಹೇಳುತ್ತೇನೆ, ಅದು ಶಿಕ್ಷೆ ಬಿಟ್ಟು ಇನ್ನೇನೂ ಅಲ್ಲ. ಪಕ್ಕದ ಹುಡುಗನ ನೋಟ್ಸ್ ಜೆರಾಕ್ಸ್ ಮಾಡಿಸಿ ಅಂಟಿಸಿದರೆ ಯಾರಿಗೆ ನಷ್ಟ?

ಕೀಬೋರ್ಡ್ ಹುಡುಗ

ಅಮ್ಮ, ನಾನೂ ಅದೇ ಥರದ ಹುಡುಗ. ಈಗ ಡಿಪ್ಲೊಮಾ ಮಾಡುತ್ತಿದ್ದೇನೆ. ನನ್ನ ಅಕ್ಷರ ಇವತ್ತಿಗೂ ಹಾಗೇ ಇದೆ, ಸಹಿ ಕೂಡ ಒಂದು ಸಲದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಬ್ಯಾಂಕಿನವರ ಹತ್ತಿರ ಬೈಸಿಕೊಳ್ಳುತ್ತೇನೆ.

ಟೈಪಿಂಗ್ ಕಲಿಸಿ, ಇವತ್ತೇ ಶುರು ಮಾಡಿ. ಕನ್ನಡಕ್ಕೆ ನುಡಿ ತಂತ್ರಾಂಶ ಉಚಿತ. ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿದೆ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀ ಒತ್ತಿದರೆ ಆಯಿತು. ಕೈಯಲ್ಲಿ ನನ್ನ ಪ್ರಾಣ ಹಿಂಡುತ್ತಿದ್ದ "ರಾಷ್ಟ್ರ" ಅಲ್ಲಿ ಆರು ಏಳು ಒತ್ತಿಗೆ ಮುಗಿಯುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಫೋನಿನಲ್ಲೇ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಹಾಕಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಲಿ, ಅದೇ ಅಕ್ಷರ ಮೂಡಿಸುತ್ತದೆ. ತಪ್ಪು ಬರುತ್ತವೆ, ತಿದ್ದಿಕೊಳ್ಳಬಹುದು. ನಾನು ಮೊದಲು ಮಾತಾಡಿ ಉತ್ತರ ಮಾಡಿಕೊಂಡು, ಆಮೇಲೆ ಅದನ್ನು ನೋಡಿ ಕೈಯಲ್ಲಿ ಬರೆಯುತ್ತಿದ್ದೆ. ಯೋಚಿಸುವ ಕೆಲಸ ಬೇರೆ, ಬರೆಯುವ ಕೆಲಸ ಬೇರೆ ಮಾಡಿಕೊಂಡರೆ ತಲೆಬಿಸಿ ಕಡಿಮೆ.

ಇನ್ನೊಂದು, ಅವನನ್ನು ಸೋಮಾರಿ ಅನ್ನಬೇಡಿ. ಬೇರೆಯವರೂ ಅನ್ನದ ಹಾಗೆ ನೋಡಿಕೊಳ್ಳಿ. ಮೂರು ಭಾಷೆ, ಮೂರು ಲಿಪಿ ಬರೆಯಬೇಕು ನಾವು. ಕನ್ನಡದಲ್ಲಿ ಗುಂಡಗೆ, ಹಿಂದಿಯಲ್ಲಿ ತಲೆ ಮೇಲೆ ಗೆರೆ, ಇಂಗ್ಲಿಷಿನಲ್ಲಿ ನಾಲ್ಕು ಗೆರೆ ನಡುವೆ ಸರ್ಕಸ್ಸು.

ಹುಬ್ಬಳ್ಳಿ ಅಪ್ಪ

ನಮ್ಮ ಮಗಳು ಎಸ್ಸೆಸ್ಸೆಲ್ಸಿಯನ್ನು ಲಿಪಿಕಾರರ, ಅಂದರೆ ಹೇಳಿದ್ದನ್ನು ಬರೆದುಕೊಡುವವರ ಸಹಾಯದಿಂದ ಬರೆದಳು ರೀ. ಡಿಸ್‌ಗ್ರಾಫಿಯಾ ಪ್ರಮಾಣಪತ್ರ ಇತ್ತು. ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಯಿತು. ಬರೆಯಲು ಕೆಳಗಿನ ತರಗತಿಯ ಹುಡುಗಿ ಸಿಕ್ಕಳು.

ಎಲ್ಲರೂ ಪ್ರಮಾಣಪತ್ರದ ಬಗ್ಗೆ ಮಾತಾಡುತ್ತಾರೆ. ಅದು ಸಿಕ್ಕ ಮೇಲೆ ಏನು ಎಂದು ಯಾರೂ ಹೇಳುವುದಿಲ್ಲ. ಹೇಳಿ ಬರೆಸುವುದು ಒಂದು ವಿದ್ಯೆ ರೀ. ಮೊದಲ ಸಲ ಮನೆಯಲ್ಲಿ ಪ್ರಯತ್ನ ಮಾಡಿದಾಗ ಮಗಳು ಎಲ್ಲ ಗೊತ್ತಿದ್ದೂ ತಡವರಿಸಿದಳು. ಬರೆಯುವವರು ಹಿಂದೆ ಬಿದ್ದಿರುತ್ತಾರೆ, ಇವಳು ಮುಂದಿನ ವಾಕ್ಯಕ್ಕೆ ಹೋಗಿರುತ್ತಾಳೆ, ಅವರು "ಮತ್ತೊಮ್ಮೆ ಹೇಳು" ಅನ್ನುತ್ತಾರೆ, ಇವಳಿಗೆ ತಾನು ಏನು ಹೇಳಿದ್ದೆ ಎಂದು ಮರೆತಿರುತ್ತದೆ. ಅದಕ್ಕೆ ನಾವು ವಾಕ್ಯ ಚಿಕ್ಕದು ಮಾಡಿಸಿದೆವು. ಒಂದು ವಾಕ್ಯ ಹೇಳುವುದು, ಪೆನ್ನು ನಿಂತ ಮೇಲೆ ಮುಂದಿನದು. ಪೂರ್ಣವಿರಾಮ, ಹೊಸ ಪಾಯಿಂಟ್, ಕೆಳಗೆ ಗೆರೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು.

ಗಣಿತ ಇನ್ನೂ ಕಷ್ಟ. "ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು" ಎಂದರೆ ಸರಿ. ಭಿನ್ನರಾಶಿಯಲ್ಲಿ ಯಾವುದು ಗೆರೆಯ ಮೇಲೆ, ಯಾವುದು ಕೆಳಗೆ, ಆವರಣ ಎಲ್ಲಿ ಮುಚ್ಚಿತು ಎಂದು ಹೇಳದಿದ್ದರೆ ಲೆಕ್ಕ ಹಾಳು. ಬರೆಯುವ ಹುಡುಗಿ ತಾನಾಗಿ ತಿದ್ದುವ ಹಾಗಿಲ್ಲವಲ್ಲ. ವಿಜ್ಞಾನದ ಚಿತ್ರಗಳಿಗೆ ಭಾಗಗಳ ಹೆಸರನ್ನು ಯಾವ ಬದಿಗೆ ಬರೆಯಬೇಕು ಎಂದು ಕೂಡ ಅಭ್ಯಾಸ ಮಾಡಿದ್ದೆವು.

ಹಾಗಾಗಿ ಹತ್ತನೇ ಕ್ಲಾಸಿನ ಜನವರಿವರೆಗೆ ಕಾಯಬೇಡಿ. ಒಂಬತ್ತರಲ್ಲೇ ಶಾಲೆಯ ಪರೀಕ್ಷೆಗಳನ್ನು ಹಾಗೆ ಬರೆಸಿ. ಎಲ್ಲ ವಿಷಯಕ್ಕೂ ಬೇಕೆಂದೇನೂ ಇಲ್ಲ, ಒಂದೆರಡು ವಿಷಯದಲ್ಲಿ ಹೆಚ್ಚುವರಿ ಸಮಯ ಮಾತ್ರ ಸಾಕಾಗಬಹುದು. ಅವನನ್ನೇ ಕೇಳಿ.

ದಾವಣಗೆರೆ ಅಮ್ಮ

ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಸುತ್ತು ಹಾಕುವ ಕೆಲಸ ಮಾಡಿದೆವು. ಮ, ವ, ಷ, ಮತ್ತೆ ಅರ್ಕಾವತ್ತು. "ಸೂರ್ಯ" ಬರೆದಾಗ ಅರ್ಕಾವತ್ತು 9 ಅಂಕಿಯ ಹಾಗೆ ಕಾಣುತ್ತದೆ. ಅವನೇ ನಕ್ಕ. ನೋಟ್‌ಬುಕ್ ಎದುರಿಗಿಟ್ಟುಕೊಂಡು ಅವನು ನಕ್ಕಿದ್ದನ್ನು ನೋಡಿ ಬಹಳ ದಿನ ಆಗಿತ್ತು.

ತೊಡಕು ಇರುವುದು ಪ್ರಮಾಣಪತ್ರದಲ್ಲಿ. ಅತ್ತೆ ಮಾವ ಇಬ್ಬರೂ "ಅಂಗವಿಕಲ ಅಂತ ಬರೆಸುತ್ತೀಯಾ ಮೊಮ್ಮಗನಿಗೆ?" ಎಂದು ಕೂಗಾಡಿದರು. ಶಾಲೆಯಲ್ಲಿ ಕೇಳಿದರೆ "ಇದೆಲ್ಲ ಕಣ್ಣು ಕಾಣದವರಿಗೆ ಮಾತ್ರ" ಅಂದರು. ಯಾರ ಮಾತು ಸರಿ?

ಕಾನೂನು ಓದಿದಾಕೆ

ಶಾಲೆಯವರ ಮಾತು ಸರಿ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಿಸ್‌ಲೆಕ್ಸಿಯಾ (ಓದಿನ ತೊಂದರೆ), ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಂದರೆ) ಎಲ್ಲ ಅದರೊಳಗೇ ಬರುತ್ತವೆ. ಕಾಯ್ದೆಯ 16ನೇ ಕಲಂ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಇಂಥ ತೊಂದರೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕ ಕ್ರಮ ತೆಗೆದುಕೊಳ್ಳಬೇಕು. 17ನೇ ಕಲಂನಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಮೂರನ್ನೂ ಹೆಸರು ಹಿಡಿದು ಹೇಳಿದೆ. ಸಮಯದ ವಿಷಯದಲ್ಲಿ ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಅನ್ನುತ್ತದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಎಸ್ಸೆಸ್ಸೆಲ್ಸಿಗೆ ಆಯಾ ವರ್ಷ ಮಂಡಳಿ ಹೊರಡಿಸುವ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ಪಡೆಯಿರಿ.

ಶೇಕಡಾ 40 ನ್ಯೂನತೆ ಇಲ್ಲದಿದ್ದರೆ ಏನೂ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ, 2021ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸಿ. ಅದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಯ ಪ್ರಕರಣ. ಬರೀ ಆ 40ರ ಲೆಕ್ಕ ಹಿಡಿದು ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ, 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗಾಗಿ ಕೇಂದ್ರ ಪ್ರತ್ಯೇಕ ಮಾರ್ಗಸೂಚಿ ತಂದಿತು. ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ಹೆಚ್ಚುವರಿ ಒಂದು ಗಂಟೆ ಕೊಡದೆ ಹೋದದ್ದೂ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಆದ ಅನ್ಯಾಯವನ್ನು ಸರಿಪಡಿಸುವ ದಾರಿ ಹುಡುಕಲು ಪರೀಕ್ಷಾ ಸಂಸ್ಥೆಗೆ 2021ರ ನವೆಂಬರ್‌ನಲ್ಲಿ ಸೂಚನೆ ಬಂತು.

ಅತ್ತೆ ಮಾವನ ವಿಷಯ ಕೋರ್ಟಿಗೆ ಬರುವುದಿಲ್ಲ. ಪ್ರಮಾಣಪತ್ರ ನಿಮ್ಮ ಬೀರುವಿನಲ್ಲಿ ಇರುತ್ತದೆ, ಹಣೆ ಮೇಲೆ ಅಂಟಿಸಿಕೊಂಡು ಓಡಾಡುವುದಿಲ್ಲ ಎಂದು ಹೇಳಿ ನೋಡಿ.

ಥೆರಪಿ ಮೇಡಂ, ಮೈಸೂರು

ಪ್ರಮಾಣಪತ್ರಕ್ಕೆ ಬೇಕಾದ ಪರೀಕ್ಷೆ ಎಲ್ಲಿ ಮಾಡಿಸಬೇಕು ಎಂದು ಮುಂದಿನ ಪ್ರಶ್ನೆ ಬರುತ್ತದೆ ಎಂದು ಗೊತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. ಕಲಿಕಾ ನ್ಯೂನತೆ ಅಳೆಯಲು ದೇಶದಲ್ಲಿ ಬಳಸುವ ಒಂದು ಮುಖ್ಯ ಪರೀಕ್ಷಾ ಮಾಲೆಯೇ ನಿಮ್ಹಾನ್ಸ್‌ನದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಕಲಿಕಾ ತೊಂದರೆ ನೋಡುತ್ತಾರೆ. ನಿಮಗೆ ಹತ್ತಿರದ ದಾರಿ ಜಿಲ್ಲಾ ಆಸ್ಪತ್ರೆ. ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಅಲ್ಲಿಗೇ ಕರೆಯುತ್ತಾರೆ. ಬುದ್ಧಿಮತ್ತೆ ಪರೀಕ್ಷೆಯನ್ನೂ ಮಾಡುತ್ತಾರೆ, ಗಾಬರಿಯಾಗಬೇಡಿ. ಓದು ಬರಹದ ತೊಂದರೆಗೆ ಬೇರೆ ಕಾರಣ ಇಲ್ಲ ಎಂದು ಖಚಿತಪಡಿಸಿಕೊಳ್ಳಲು ಅದು ಬೇಕು. ಹಳೆಯ ನೋಟ್‌ಬುಕ್‌ಗಳನ್ನು ತೆಗೆದುಕೊಂಡು ಹೋಗಿ, ಐದನೇ ಕ್ಲಾಸಿನದು ಸಿಕ್ಕಿದರೆ ಇನ್ನೂ ಒಳ್ಳೆಯದು.

ಪ್ರಮಾಣಪತ್ರ ಕೊಡುವ ಬಗ್ಗೆ 2018ರಲ್ಲೇ ಬಂದ ಬೇರೊಂದು ಮಾರ್ಗಸೂಚಿಯಲ್ಲಿ 8ನೇ ವಯಸ್ಸಿಗೆ ಪ್ರಮಾಣಪತ್ರ, 14 ಮತ್ತು 18ಕ್ಕೆ ಮತ್ತೆ ಪರೀಕ್ಷೆ ಎಂದಿತ್ತು. 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿದೆ. ನಿಮ್ಮ ಮಗ 13ರಲ್ಲಿ ಇರುವುದರಿಂದ ಈಗ ಕೊಡುವ ಪತ್ರ ಎಸ್ಸೆಸ್ಸೆಲ್ಸಿವರೆಗೆ ನಡೆಯುತ್ತದಾ, ಮತ್ತೆ ಬರಬೇಕಾ ಎಂದು ಅಲ್ಲೇ ಕೇಳಿಕೊಳ್ಳಿ.

ರೆಡಿಂಗ್ ಕನ್ನಡತಿ

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯ ಥರದ ಜಿಸಿಎಸ್‌ಇ ಪರೀಕ್ಷೆಗೆ ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಶೇಕಡಾ 25 ಹೆಚ್ಚುವರಿ ಸಮಯ ಸಿಗುತ್ತದೆ, ಎಷ್ಟೋ ಮಕ್ಕಳು ಲ್ಯಾಪ್‌ಟಾಪ್‌ನಲ್ಲಿ ಬರೆಯುತ್ತಾರೆ. ಸ್ಪೆಲ್ಲಿಂಗ್ ತಿದ್ದುವ ಸೌಲಭ್ಯ ಬಂದ್ ಮಾಡಿರುತ್ತಾರೆ. ಆದರೆ ಒಂದು ಷರತ್ತು ಇದೆ. ತರಗತಿಯಲ್ಲಿ ದಿನವೂ ಹಾಗೆಯೇ ಕೆಲಸ ಮಾಡುತ್ತಿರಬೇಕು, ಪರೀಕ್ಷೆಗೆ ಮಾತ್ರ ಎಂದರೆ ಒಪ್ಪುವುದಿಲ್ಲ. ಹುಬ್ಬಳ್ಳಿ ಅಪ್ಪ ಹೇಳಿದ್ದೂ ಅದನ್ನೇ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಿಬಿಎಸ್‌ಇ, ಅಲ್ಲಿಯೂ ಅರ್ಜಿ ಹಾಕಿದರೆ ಕಂಪ್ಯೂಟರ್ ಬಳಸಲು ಅವಕಾಶ ಇದೆ. ನಮ್ಮ ರಾಜ್ಯದ ಮಂಡಳಿಯೂ ಕನ್ನಡದಲ್ಲಿ ಟೈಪ್ ಮಾಡಲು ಬಿಟ್ಟರೆ ಎಷ್ಟು ಮಕ್ಕಳು ಉಸಿರಾಡುತ್ತಾರೆ, ಅಲ್ವಾ?

ಬಸವನಗುಡಿ ತಾತ

ಟೈಪ್ ಮಾಡಲು ಬಿಟ್ಟರೆ ನಾಳೆ ಯಾರೂ ಪೆನ್ನು ಮುಟ್ಟುವುದಿಲ್ಲ ಅಷ್ಟೇ. ಆದರೆ ಮಗುವನ್ನು ಆಟದಿಂದ ಎಳೆದು ಕೂರಿಸುವುದು ನನಗೂ ಸರಿ ಕಾಣುವುದಿಲ್ಲ.

ದಾವಣಗೆರೆ ಅಮ್ಮ

ಮುಖ್ಯೋಪಾಧ್ಯಾಯರನ್ನು ಇವತ್ತು ಭೇಟಿಯಾದೆ. ಕಾಯ್ದೆಯ ಹೆಸರು ಹೇಳಿದ ಮೇಲೆ ಕೂರಿಸಿ ಮಾತಾಡಿಸಿದರು. ಜೆರಾಕ್ಸ್ ನೋಟ್ಸ್‌ಗೆ ಒಪ್ಪಿದರು. ಆಟದ ಪಿರಿಯಡ್ ಬಗ್ಗೆ "ನೋಡೋಣ" ಅಂದರು. ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ವಿಶೇಷ ಶಿಕ್ಷಕರು ಇದ್ದಾರೆ, ಅವರನ್ನು ಕರೆಸುತ್ತೇನೆ ಎಂದರು.

ಹಿಂದಿಯಿಂದ ವಿನಾಯಿತಿ ಕೇಳಬೇಕಾ ಎಂದು ಯೋಚಿಸುತ್ತಿದ್ದೇನೆ. ಮಗ ಮಾತ್ರ ಬೇಡ ಅನ್ನುತ್ತಿದ್ದಾನೆ. ಹಿಂದಿ ಪಿರಿಯಡ್‌ನಲ್ಲಿ ತಾನೊಬ್ಬನೇ ಲೈಬ್ರರಿಯಲ್ಲಿ ಕೂರಬೇಕಾಗುತ್ತದೆ ಎಂದು ಅವನಿಗೆ ಸಂಕೋಚ. ಲಿಪಿಕಾರರ ವಿಷಯದಲ್ಲೂ ಅಷ್ಟೇ, "ಎಲ್ಲರೂ ನೋಡುತ್ತಾರೆ" ಎಂಬ ಚಿಂತೆ.

ಕೀಬೋರ್ಡ್ ಹುಡುಗ

ಆ ಚಿಂತೆ ನಿಜವಾದದ್ದೇ. ನನಗೂ ಇತ್ತು. ಹೆಚ್ಚುವರಿ ಸಮಯ ತೆಗೆದುಕೊಳ್ಳುವಾಗ ಎಲ್ಲರೂ ಎದ್ದು ಹೋದ ಮೇಲೆ ಒಬ್ಬನೇ ಕೂರುವುದು ಕಷ್ಟ ಅನ್ನಿಸುತ್ತಿತ್ತು. ಲಿಪಿಕಾರರು ಇದ್ದರೆ ಬೇರೆ ಕೋಣೆ ಕೊಡುತ್ತಾರೆ, ಹೇಳಿ ಬರೆಸುವ ಸದ್ದು ಉಳಿದವರಿಗೆ ಕೇಳಬಾರದಲ್ಲ. ಯಾರೂ ನೋಡುವುದಿಲ್ಲ ಎಂದು ಅವನಿಗೆ ಹೇಳಿ. ಹಿಂದಿ ಅವನೇ ನಿರ್ಧಾರ ಮಾಡಲಿ. ಬೇಡ ಅಂದರೆ ಬೇಡ.

ಗಣಿತದ ಮೇಷ್ಟ್ರು

"ನೋಡೋಣ" ಎಂದಿದ್ದಾರೆ ಎಂದರೆ ಬರಹದಲ್ಲಿ ಕೊಡಿ. ಒಂದು ಪುಟದ ಪತ್ರ ಸಾಕು. ನೋಟ್ಸ್ ಜೆರಾಕ್ಸ್, ಆಟದ ಪಿರಿಯಡ್, ಸಾಲು ಬಿಟ್ಟು ಬರೆಯಲು ಅನುಮತಿ, ಎಫ್‌ಎ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ. ನಾಲ್ಕನ್ನೂ ಬರೆಯಿರಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ದಿನಾಂಕ, ಸೀಲು, ಸಹಿ ಹಾಕಿಸಿಕೊಂಡು ಬನ್ನಿ. ವರ್ಗಾವಣೆ ಆಗಿ ಹೊಸ ಮುಖ್ಯೋಪಾಧ್ಯಾಯರು ಬಂದರೆ ಮತ್ತೆ ಮೊದಲಿನಿಂದ ಕಥೆ ಹೇಳುವುದು ತಪ್ಪುತ್ತದೆ. ಎಸ್ಸೆಸ್ಸೆಲ್ಸಿ ನೋಂದಣಿ ಸಮಯದಲ್ಲಿ ವಿಶೇಷ ಅಗತ್ಯದ ವಿವರ ಸರಿಯಾಗಿ ತುಂಬಿದ್ದಾರಾ ಎಂದು ನೀವೇ ಕಣ್ಣಾರೆ ನೋಡಿ. ಆಫೀಸಿನ ಗದ್ದಲದಲ್ಲಿ ಅದೊಂದು ಬಿಟ್ಟುಹೋಗುತ್ತದೆ.